ಮೀನಿನ ಮೇವಿನಲ್ಲಿ ಸಲ್ಫರ್: ಯಾವುದು ಬೆಳೆಸುತ್ತದೆ, ಯಾವುದು ತಡೆಯುತ್ತದೆ

ಪ್ರಶ್ನೆ: ಮಂಡ್ಯ ಕಡೆ ನನ್ನದೊಂದು ಒಂದೂವರೆ ಎಕರೆ ಮೀನಿನ ಹೊಂಡ ಇದೆ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸೇರಿಸಿ ಆರು ಸಾವಿರ ಮರಿ ಬಿಟ್ಟಿದ್ದೆ. ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಅರ್ಧಕ್ಕರ್ಧ ಕಲಸಿ ತೂತು ಮಾಡಿದ ಚೀಲದಲ್ಲಿ ಕಟ್ಟಿ ಇಳಿಬಿಡುತ್ತೇನೆ. ಎಂಟು ತಿಂಗಳಾದರೂ ಗೆಂಡೆ ಅರ್ಧ ಕೆ.ಜಿ. ದಾಟಿಲ್ಲ. ಮೇವು ಮಾರುವವರೊಬ್ಬರು 'ನಿಮ್ಮ ಮೀನಿಗೆ ಸಲ್ಫರ್ ಕೊರತೆ' ಎಂದು ಒಂದು ಡಬ್ಬಿ ಪುಡಿ ಕೊಟ್ಟರು. ಅದರ ಮೇಲೆ ಮೆಥಿಯೋನಿನ್, ಟಾರಿನ್, ಎಂಎಸ್‌ಎಂ, ಬೆಳ್ಳುಳ್ಳಿ ಸಾರ ಎಂದೆಲ್ಲ ಬರೆದಿದೆ. ಯಾವುದು ಎಷ್ಟಿದೆ ಎಂದು ಬರೆದಿಲ್ಲ. ಇನ್ನೊಬ್ಬರು ಬೆಳೆಗೆ ಹೊಡೆಯುವ ಗಂಧಕದ ಪುಡಿಯನ್ನೇ ಸ್ವಲ್ಪ ಹಾಕಿ ಅಂತಾರೆ. ಈಗಾಗಲೇ ಹೊಂಡದ ತಳ ಕೆದಕಿದರೆ ಕೊಳೆತ ಮೊಟ್ಟೆ ವಾಸನೆ ಬರುತ್ತಿದೆ. ಸಲ್ಫರ್ ಹಾಕಿದರೆ ಅದು ಇನ್ನೂ ಜಾಸ್ತಿ ಆಗಲ್ವಾ?

ಉತ್ತರ: ಮೊದಲು ಗಂಧಕದ ಪುಡಿಯ ಮಾತು ಮುಗಿಸಿಬಿಡೋಣ. ದಯವಿಟ್ಟು ಅದನ್ನು ಹೊಂಡಕ್ಕೂ ಹಾಕಬೇಡಿ, ಮೇವಿಗೂ ಬೆರೆಸಬೇಡಿ. ದ್ರಾಕ್ಷಿಗೆ ಬೂದಿ ರೋಗ ಬಂದಾಗ ಹೊಡೆಯುವ ಪುಡಿ ಅದು. ಕೆಸರಿನಲ್ಲಿ ಗಾಳಿ ಸಿಕ್ಕ ಕಡೆ ಬ್ಯಾಕ್ಟೀರಿಯಾಗಳು ಅದನ್ನು ಸಲ್ಫ್ಯೂರಿಕ್ ಆಮ್ಲ ಮಾಡುತ್ತವೆ, ಪಿಎಚ್ ಇಳಿಯುತ್ತದೆ. ಗಾಳಿ ಸಿಗದ ಕಡೆ ಅದೇ ಗಂಧಕ ನೀವು ಹೇಳುವ ಕೊಳೆತ ಮೊಟ್ಟೆ ವಾಸನೆಯ ಅನಿಲವಾಗುತ್ತದೆ. ನಿಮ್ಮ ಭಯ ಸರಿಯಾಗಿಯೇ ಇದೆ.

ಮೀನಿಗಾದರೂ ಅದರಿಂದ ಉಪಯೋಗ ಇದೆಯಾ ಅಂದರೆ, ಇಲ್ಲ. ಈ ತಪ್ಪು ಕಲ್ಪನೆ ಬಹುಶಃ ಕುರಿ ಸಾಕಣೆಯಿಂದ ಬಂದಿದೆ. ಹಸು, ಕುರಿಗಳ ಮೊದಲ ಹೊಟ್ಟೆಯಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ಸಾದಾ ಗಂಧಕ ಕೊಟ್ಟರೂ ಅವು ಅದರಿಂದ ಪ್ರೋಟೀನ್ ಕಟ್ಟಲು ಬೇಕಾದ ಮೆಥಿಯೋನಿನ್ ತಯಾರಿಸುತ್ತವೆ. ಕುರಿ ಆ ಜೀವಿಗಳನ್ನೇ ಜೀರ್ಣಿಸಿಕೊಂಡು ಉಣ್ಣೆ ಬೆಳೆಸುತ್ತದೆ. ಕುರಿಗೆ ಗಂಧಕ ಸೇರಿಸಿದ ಖನಿಜ ಮಿಶ್ರಣ ಕೊಡುವುದು ಅದಕ್ಕೇ. ಮೀನಿಗೆ ಅಂಥ ಏರ್ಪಾಡು ಇಲ್ಲ. ಗೆಂಡೆ ಜಾತಿಗಂತೂ ಹೊಟ್ಟೆ ಅನ್ನುವ ಚೀಲವೇ ಇಲ್ಲ, ಗಂಟಲು ದಾಟಿದರೆ ನೇರ ಕರುಳು. ಹಾಗಾಗಿ ಮೀನಿಗೆ ಮೆಥಿಯೋನಿನ್ ಮಾಡಿಟ್ಟದ್ದೇ ಸಿಗಬೇಕು.

ಈ ಮೆಥಿಯೋನಿನ್ ಯಾಕೆ ಅಷ್ಟು ಮುಖ್ಯ? ಪ್ರೋಟೀನ್ ಅಂದರೆ ಸುಮಾರು 20 ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಅವುಗಳಲ್ಲಿ ಗಂಧಕ ಇರುವುದು ಮೆಥಿಯೋನಿನ್ ಮತ್ತು ಸಿಸ್ಟೀನ್ ಎರಡರಲ್ಲೇ. ಸಿಸ್ಟೀನನ್ನು ಮೀನು ಮೆಥಿಯೋನಿನ್‌ನಿಂದ ತಾನೇ ಮಾಡಿಕೊಳ್ಳುತ್ತದೆ. ಸಿಸ್ಟೀನಿನಿಂದ ಮೆಥಿಯೋನಿನ್ ಮಾಡಲು ಮಾತ್ರ ಅದಕ್ಕೆ ಬರಲ್ಲ. ದೇಹದ ಜೀವಕೋಶ ಯಾವ ಹೊಸ ಪ್ರೋಟೀನ್ ಕಟ್ಟಲು ಶುರು ಮಾಡಿದರೂ ಮೊದಲ ಮಣಿ ಮೆಥಿಯೋನಿನ್‌ನದೇ. ಅದು ಸಾಕಷ್ಟು ಇಲ್ಲದಿದ್ದರೆ ಉಳಿದ 19 ಎಷ್ಟಿದ್ದರೂ ಸರ ಮುಂದಕ್ಕೆ ಹೋಗಲ್ಲ. ಉಳಿದವನ್ನು ಕೂಡಿಡಲು ಮೀನಿಗೆ ಜಾಗ ಇಲ್ಲ. ಅವನ್ನು ಸುಟ್ಟು, ಅದರ ಸಾರಜನಕವನ್ನು ಕಿವಿರಿನ ಮೂಲಕ ಅಮೋನಿಯಾ ಮಾಡಿ ನೀರಿಗೆ ಬಿಡುತ್ತದೆ. ನೀವು ದುಡ್ಡು ಕೊಟ್ಟು ತಂದ ಹಿಂಡಿಯ ಪ್ರೋಟೀನ್ ಮಾಂಸ ಆಗುವ ಬದಲು ಹೊಂಡದ ನೀರು ಕೆಡಿಸುತ್ತದೆ. ಮೇವು ಖಾಲಿಯಾಗುತ್ತಿದೆ, ಮೀನು ಬೆಳೆಯುತ್ತಿಲ್ಲ, ನೀರು ಮಾತ್ರ ದಿನೇ ದಿನೇ ದಪ್ಪ ಹಸಿರಾಗುತ್ತಿದೆ ಎನ್ನುವ ದೂರು ಬಂದಾಗ ನಾನು ಮೊದಲು ಕೇಳುವುದು ಹಿಂಡಿ ಯಾವುದು ಎಂದೇ.

ಬೆಳವಣಿಗೆ ಬಿಟ್ಟು ಇನ್ನೂ ಕೆಲವು ಕೆಲಸ ಇದಕ್ಕಿದೆ. ಲಿವರ್‌ನಲ್ಲಿ ಕೊಬ್ಬನ್ನು ಸಾಗಿಸಲು ಬೇಕಾದ ಲೆಸಿಥಿನ್, ಕೊಬ್ಬನ್ನು ಉರಿಸಲು ಬೇಕಾದ ಕಾರ್ನಿಟಿನ್, ಇವೆರಡರ ತಯಾರಿಕೆಗೂ ಮೆಥಿಯೋನಿನ್‌ನ ಒಂದು ತುಣುಕು ಹೋಗುತ್ತದೆ. ಅದರಿಂದ ಹುಟ್ಟುವ ಸಿಸ್ಟೀನ್ ಗ್ಲುಟಾಥಯೋನ್ ಆಗುತ್ತದೆ. ವಿಷ ಒಳಗೆ ಬಂದರೆ ಅದಕ್ಕೆ ಅಂಟಿಕೊಂಡು ಹೊರಹಾಕುವ ಕಾವಲುಗಾರ ಇದು. ಕಡಲೆಕಾಯಿ ಹಿಂಡಿ ಬಳಸುವ ನಿಮಗೆ ಈ ಮಾತು ತುಂಬಾ ಮುಖ್ಯ. ಹಿಂಡಿ ತೇವ ಹಿಡಿದರೆ ಬೂಸ್ಟು ಬರುತ್ತದೆ, ಬೂಸ್ಟು ಅಫ್ಲಾಟಾಕ್ಸಿನ್ ವಿಷ ಬಿಡುತ್ತದೆ. 1960ರ ಸುಮಾರಿಗೆ ಅಮೆರಿಕದ ಟ್ರೌಟ್ ಸಾಕಣೆ ಕೇಂದ್ರಗಳಲ್ಲಿ ಮೀನಿಗೆ ಗುಂಪುಗುಂಪಾಗಿ ಲಿವರ್ ಕ್ಯಾನ್ಸರ್ ಬಂತು. ಹುಡುಕಿದಾಗ ಸಿಕ್ಕ ಕಾರಣ ಮೇವಿನ ಹತ್ತಿಬೀಜದ ಹಿಂಡಿಯಲ್ಲಿದ್ದ ಇದೇ ವಿಷ. ಗೆಂಡೆ ಅಷ್ಟು ಸೂಕ್ಷ್ಮ ಅಲ್ಲ. ಆದರೂ ಅಫ್ಲಾಟಾಕ್ಸಿನ್ ಬಂದಾಗ ಲಿವರ್ ಗ್ಲುಟಾಥಯೋನ್ ಖರ್ಚು ಮಾಡಲೇಬೇಕು. ಮೆಥಿಯೋನಿನ್ ಕಮ್ಮಿ ಇರುವ ಹಿಂಡಿಯೇ ಬೂಸ್ಟು ಕೂಡ ಹಿಡಿದರೆ ಮೀನಿಗೆ ಎರಡು ಕಡೆಯಿಂದ ಪೆಟ್ಟು. ನಿಮ್ಮ ಉಗ್ರಾಣದಲ್ಲಿ ಗೋಡೆಗೆ ತಾಗಿರುವ ಚೀಲ ಒಂದನ್ನು ಬಿಚ್ಚಿ ಮೂಲೆಯ ಹಿಂಡಿ ಮುರಿದು ನೋಡಿ. ಒಳಗೆ ಹಸಿರು-ಹಳದಿ ಪುಡಿ ಕಂಡರೆ, ಮುಗ್ಗಲು ವಾಸನೆ ಬಂದರೆ, ಆ ಚೀಲ ಮೀನಿಗೂ ಬೇಡ, ದನಕ್ಕೂ ಬೇಡ.

ಈಗ ನಿಮ್ಮ ಮೇವಿನ ಲೆಕ್ಕ ಹಾಕೋಣ. ಅದಕ್ಕೂ ಮೊದಲು ಇಡ್ಲಿ ನೆನಪಿಸಿಕೊಳ್ಳಿ. ಉದ್ದಿನ ಬೇಳೆಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಜಾಸ್ತಿ, ಮೆಥಿಯೋನಿನ್ ಕಮ್ಮಿ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಕಮ್ಮಿ, ಮೆಥಿಯೋನಿನ್ ಪರವಾಗಿಲ್ಲ. ಎರಡನ್ನೂ ಸೇರಿಸಿ ರುಬ್ಬಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೀನಿನ ಮೇವಿನಲ್ಲೂ ಮಾಡಬೇಕಾದದ್ದು ಇದೇ. ಕಡಲೆಕಾಯಿ ಹಿಂಡಿ ಮತ್ತು ತೌಡಿನ ಜೋಡಿಯಲ್ಲಿ ಈ ತುಂಬಿಕೊಳ್ಳುವ ಕೆಲಸ ಆಗುತ್ತಿಲ್ಲ.

ಅಂದಾಜು ಅಂಕಿ ಇಟ್ಟುಕೊಂಡು ನೋಡಿ. ಹಿಂಡಿ, ತೌಡು ಎರಡೂ ಊರಿಂದ ಊರಿಗೆ, ಗಾಣದಿಂದ ಗಾಣಕ್ಕೆ ಸ್ವಲ್ಪ ಬೇರೆಯಾಗುತ್ತವೆ, ಆದರೆ ಲೆಕ್ಕದ ದಿಕ್ಕು ಬದಲಾಗಲ್ಲ. 100 ಕೆ.ಜಿ. ಮೇವಿನಲ್ಲಿ 50 ಕೆ.ಜಿ. ಹಿಂಡಿ, 50 ಕೆ.ಜಿ. ತೌಡು. ಹಿಂಡಿಯಲ್ಲಿ ಪ್ರೋಟೀನ್ ಶೇ. 42, ತೌಡಿನಲ್ಲಿ ಶೇ. 13 ಅಂತ ಹಿಡಿದರೆ ಒಟ್ಟು 27.5 ಕೆ.ಜಿ. ಪ್ರೋಟೀನ್. ಕೆಟ್ಟದ್ದೇನಲ್ಲ. ಮೆಥಿಯೋನಿನ್ ಮಾತ್ರ ಹಿಂಡಿಯಲ್ಲಿ ಶೇ. 0.45, ತೌಡಿನಲ್ಲಿ ಶೇ. 0.26ರ ಹತ್ತಿರ. ಎರಡೂ ಸೇರಿ ಸುಮಾರು 355 ಗ್ರಾಂ.

ಬೇಕಾದದ್ದು ಎಷ್ಟು? ಜಪಾನಿನ ವಿಜ್ಞಾನಿ ನೋಸೆ 1979ರಲ್ಲಿ ಪ್ರಕಟಿಸಿದ ಸಾಮಾನ್ಯ ಗೆಂಡೆಯ ಲೆಕ್ಕವನ್ನು ಇವತ್ತಿಗೂ ಹಲವರು ಬಳಸುತ್ತಾರೆ. ಮೇವಿನಲ್ಲಿ ಸಿಸ್ಟೀನ್ ಇಲ್ಲವೇ ಇಲ್ಲ ಅಂದರೆ ಪ್ರೋಟೀನಿನ ಶೇ. 3.1ರಷ್ಟು ಮೆಥಿಯೋನಿನ್ ಬೇಕು. ಸಿಸ್ಟೀನ್ ಧಾರಾಳವಾಗಿದ್ದರೆ ಶೇ. 2.1 ಸಾಕು. ಸಿಸ್ಟೀನ್ ಮಾಡಲು ಹೋಗುತ್ತಿದ್ದ ಮೆಥಿಯೋನಿನ್ ಆಗ ಉಳಿಯುತ್ತದೆ. ಕಾಟ್ಲಾ ಮರಿಗೆ ರವಿ ಮತ್ತು ದೇವರಾಜ್ ಎಂಬ ಸಂಶೋಧಕರು 1991ರಲ್ಲಿ ಕೊಟ್ಟ ಅಂಕಿ ಇನ್ನೂ ಜಾಸ್ತಿ, ಪ್ರೋಟೀನಿನ ಶೇ. 3.55. ನಾವು ಕಡಿಮೆ ಅಂಕಿಯನ್ನೇ ಹಿಡಿಯೋಣ. 27.5 ಕೆ.ಜಿ. ಪ್ರೋಟೀನಿಗೆ ಶೇ. 2.1 ಅಂದರೆ 577 ಗ್ರಾಂ. ನಿಮ್ಮಲ್ಲಿರುವುದು 355. ಇನ್ನೂ 220 ಗ್ರಾಂ ಬೇಕು.

ಹಾಗಾದರೆ ಮಾರುವವರು ಹೇಳಿದ್ದು ನಿಜವೇ ಅಲ್ವಾ, ಮೆಥಿಯೋನಿನ್ ಪುಡಿ ಹಾಕಿದರೆ ಮುಗೀತಲ್ಲ ಅಂತ ಅನ್ನಿಸಬಹುದು. ಸ್ವಲ್ಪ ತಡೆಯಿರಿ. ಅದೇ ಮೇವಿನ ಲೈಸಿನ್ ಲೆಕ್ಕ ಹಾಕಿ. ಹಿಂಡಿಯಿಂದ 750 ಗ್ರಾಂ, ತೌಡಿನಿಂದ 290, ಒಟ್ಟು 1,040 ಗ್ರಾಂ. ಗೆಂಡೆಗೆ ಪ್ರೋಟೀನಿನ ಶೇ. 5.7ರಷ್ಟು, ಅಂದರೆ 1,570 ಗ್ರಾಂ ಹತ್ತಿರ ಬೇಕು. ಅರ್ಧ ಕೆ.ಜಿ.ಗಿಂತ ಹೆಚ್ಚು ಕೊರತೆ. ಮೆಥಿಯೋನಿನ್ ಕೊರತೆ ತುಂಬಿದರೂ ಸರ ಲೈಸಿನ್ ಹತ್ತಿರ ಹೋಗಿ ನಿಲ್ಲುತ್ತದೆ. ಡಬ್ಬಿಗಟ್ಟಲೆ ಪುಡಿ ಹಾಕಿಯೂ ಏನೂ ಆಗಲಿಲ್ಲ ಎಂದು ರೈತರು ಬೇಜಾರಾಗುವುದು ಈ ಕಾರಣಕ್ಕೇ. ಪುಡಿಗಿಂತ ಮೊದಲು ಹಿಂಡಿ ಬದಲಾಗಬೇಕು.

ನಾನಾಗಿದ್ದರೆ 100 ಕೆ.ಜಿ. ಮೇವನ್ನು ಹೀಗೆ ಕಲಸುತ್ತಿದ್ದೆ: ಸೋಯಾ ಹಿಂಡಿ 25 ಕೆ.ಜಿ., ಕಡಲೆಕಾಯಿ ಹಿಂಡಿ 15, ಎಳ್ಳಿನ ಹಿಂಡಿ 10, ಒಳ್ಳೆಯ ಮೀನಿನ ಪುಡಿ 5, ತೌಡು 44, ಖನಿಜ ಮಿಶ್ರಣ 1. ಸೋಯಾ ಲೈಸಿನ್ ತರುತ್ತದೆ. ಎಳ್ಳು ಮೆಥಿಯೋನಿನ್ ತರುತ್ತದೆ. ನಮ್ಮ ಹಿಂಡಿಗಳಲ್ಲಿ ಎಳ್ಳಿನ ಹಿಂಡಿಯಷ್ಟು ಮೆಥಿಯೋನಿನ್ ಇರುವುದು ಅಪರೂಪ, ಶೇ. 1ರ ಮೇಲೆಯೇ ಸಿಗುತ್ತದೆ. ಕಡಲೆಕಾಯಿ ಹಿಂಡಿಯ ಎರಡು ಪಾಲಿಗಿಂತ ಜಾಸ್ತಿ. ಆದರೆ ಎಳ್ಳಿನಲ್ಲಿ ಲೈಸಿನ್ ಕಮ್ಮಿ, ಸತು ಹೀರದಂತೆ ತಡೆಯುವ ಫೈಟೇಟ್ ಜಾಸ್ತಿ. ಅದಕ್ಕೇ ಹತ್ತು ಕೆ.ಜಿ.ಗೆ ನಿಲ್ಲಿಸಿದ್ದು, ಖನಿಜ ಮಿಶ್ರಣ ಸೇರಿಸಿದ್ದು. ಮೀನಿನ ಪುಡಿ ಲೈಸಿನ್, ಮೆಥಿಯೋನಿನ್ ಎರಡನ್ನೂ ತರುತ್ತದೆ. ಸೋಯಾ ಹಸಿಯಾಗಿರಬಾರದು, ಎಣ್ಣೆ ತೆಗೆದು ಹುರಿದದ್ದೇ ಆಗಬೇಕು. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಇದೆ.

ಈ ಮಿಶ್ರಣದಲ್ಲಿ ಪ್ರೋಟೀನ್ ಸುಮಾರು 30.5 ಕೆ.ಜಿ., ಮೆಥಿಯೋನಿನ್ 527 ಗ್ರಾಂ, ಲೈಸಿನ್ 1,530 ಗ್ರಾಂ ಬರುತ್ತದೆ. ಲೈಸಿನ್ ಅಗತ್ಯದ ಮೂರರಲ್ಲಿ ಎರಡು ಪಾಲಿನಿಂದ ಹತ್ತರಲ್ಲಿ ಒಂಬತ್ತು ಪಾಲಿನ ಹತ್ತಿರ ಬಂತು. ಮೆಥಿಯೋನಿನ್ ಇನ್ನು 100 ಗ್ರಾಂ ಸ್ವಲ್ಪ ಮೇಲೆ ಸಿಕ್ಕರೆ ಸಾಕು. ಈಗ ಪುಡಿ ಹಾಕಿದರೆ ಅರ್ಥ ಇದೆ. ಹಾಕಬೇಕಾದ್ದು 100 ಕೆ.ಜಿ. ಮೇವಿಗೆ 100ರಿಂದ 120 ಗ್ರಾಂ ಡಿಎಲ್-ಮೆಥಿಯೋನಿನ್. ಅಷ್ಟೇ.

ಇದಕ್ಕೆ ನೀವು ಬಣ್ಣದ ಡಬ್ಬಿ ಕೊಳ್ಳಬೇಕಾಗಿಲ್ಲ. ಕೋಳಿ ಮೇವಿನ ಕಚ್ಚಾ ಸಾಮಾನು ಮಾರುವ ಅಂಗಡಿಯಲ್ಲಿ ಡಿಎಲ್-ಮೆಥಿಯೋನಿನ್ ಬಿಡಿಯಾಗಿ ಸಿಗುತ್ತದೆ. ಬಿಳಿ ಪುಡಿ, ಬಿಸಿಲಿಗೆ ಹಿಡಿದರೆ ಸಣ್ಣಗೆ ಮಿನುಗುತ್ತದೆ. ಚೀಲ ಬಿಚ್ಚಿದ ಕೂಡಲೇ ಬೆಂದ ಎಲೆಕೋಸಿನಂಥ ವಾಸನೆ ಮೂಗಿಗೆ ಬಡಿಯುತ್ತದೆ. ಆ ವಾಸನೆ ಗಂಧಕದ್ದೇ. ಇದರಲ್ಲಿ ಅರ್ಧ ಭಾಗ ಡಿ ರೂಪ, ಅರ್ಧ ಎಲ್ ರೂಪ. ದೇಹಕ್ಕೆ ಬೇಕಾದದ್ದು ಎಲ್, ಆದರೆ ಡಿ ರೂಪವನ್ನೂ ಮೀನು ಎಲ್ ಆಗಿ ಬದಲಿಸಿಕೊಳ್ಳುತ್ತದೆ. ಹೆಸರು ನೋಡಿ ಗಾಬರಿ ಬೇಡ.

ಹಾಕುವ ರೀತಿಯಲ್ಲಿ ಮಾತ್ರ ಎಚ್ಚರ ಬೇಕು. ಬಿಡಿ ಮೆಥಿಯೋನಿನ್ ನೀರಿನಲ್ಲಿ ಕರಗುತ್ತದೆ. ಚೀಲದಲ್ಲಿ ಇಳಿಬಿಟ್ಟ ಸಡಿಲ ಮೇವಿಗೆ ಬೆರೆಸಿದರೆ ಮೀನು ಬಂದು ತಿನ್ನುವಷ್ಟರಲ್ಲಿ ಒಳ್ಳೆಯ ಪಾಲು ಹೊಂಡದ ಪಾಲಾಗಿರುತ್ತದೆ. ತೌಡಿನ ಒಂದು ಭಾಗವನ್ನು ಗಂಜಿಯ ಹಾಗೆ ಬೇಯಿಸಿ, ಆರಿದ ಮೇಲೆ ಉಳಿದದ್ದನ್ನು ಹಾಕಿ ಮುದ್ದೆ ಕಟ್ಟಿ. ಪುಡಿಯನ್ನು ಮೊದಲು ಒಂದು ಕೆ.ಜಿ. ತೌಡಿಗೆ, ಅದನ್ನು ಹತ್ತು ಕೆ.ಜಿ.ಗೆ, ಆಮೇಲೆ ಇಡೀ ರಾಶಿಗೆ ಬೆರೆಸಿ. ಒಂದೇ ಸಲ ಚೆಲ್ಲಿದರೆ ಒಂದು ಮುದ್ದೆಯಲ್ಲಿ ಎಲ್ಲ, ಇನ್ನೊಂದರಲ್ಲಿ ಏನೂ ಇಲ್ಲ ಎಂದಾಗುತ್ತದೆ. ಸಣ್ಣ ಯಂತ್ರದಲ್ಲಿ ಗುಳಿಗೆ ಒತ್ತಿಸಿ ಒಣಗಿಸಿದರಂತೂ ಇನ್ನೂ ವಾಸಿ.

ಇನ್ನೊಂದು ವಿಷಯ ಎಷ್ಟೋ ಜನ ಗಮನಿಸುವುದಿಲ್ಲ. ಬಿಡಿ ಅಮೈನೋ ಆಮ್ಲ ಕರುಳಿನಿಂದ ರಕ್ತಕ್ಕೆ ಬೇಗ ಹೋಗುತ್ತದೆ. ಹಿಂಡಿಯ ಪ್ರೋಟೀನ್ ಜೀರ್ಣವಾಗಿ ನಿಧಾನಕ್ಕೆ ಬರುತ್ತದೆ. ಎರಡೂ ಒಂದೇ ಹೊತ್ತಿಗೆ ಸಿಗದಿದ್ದರೆ ಮೊದಲು ಬಂದದ್ದು ಸುಟ್ಟುಹೋಗುತ್ತದೆ. ಹೊಟ್ಟೆ ಚೀಲ ಇಲ್ಲದ ಗೆಂಡೆಯಲ್ಲಿ ಈ ತೊಂದರೆ ಇನ್ನೂ ಜಾಸ್ತಿ, ಮೇವನ್ನು ಹಿಡಿದಿಟ್ಟು ಸ್ವಲ್ಪಸ್ವಲ್ಪವೇ ಬಿಡುವ ಜಾಗವೇ ಅದಕ್ಕಿಲ್ಲ. ಪರಿಹಾರ ಸರಳ. ದಿನದ ಮೇವನ್ನು ಒಂದೇ ಸಲ ಕೊಡದೆ ಮೂರು-ನಾಲ್ಕು ಸಲ ಹಂಚಿ ಕೊಡಿ. ಆಗ ಹಿಂದಿನ ಹೊತ್ತಿನ ಹಿಂಡಿಯ ಪ್ರೋಟೀನ್ ಜೊತೆಗೆ ಈ ಹೊತ್ತಿನ ಮೆಥಿಯೋನಿನ್ ಸೇರುತ್ತದೆ.

ಜಾಸ್ತಿ ಹಾಕಿದರೆ ಬೇಗ ಬೆಳೆಯುತ್ತದೆ ಎಂದು ಒಂದು ಹಿಡಿ ಸುರಿಯಬೇಡಿ. ಅತಿಯಾದ ಮೆಥಿಯೋನಿನ್ ವಿಷದ ಹಾಗೆ ವರ್ತಿಸುತ್ತದೆ. ಹೊರಹಾಕುವ ದಾರಿಯಲ್ಲಿ ಹೋಮೋಸಿಸ್ಟೀನ್ ಎಂಬ ಹಾನಿಕರ ವಸ್ತು ಕೂಡಿಕೊಳ್ಳುತ್ತದೆ. ಮೀನು ಮೇವು ತಿನ್ನುವುದನ್ನೇ ಕಡಿಮೆ ಮಾಡುತ್ತದೆ, ಬೆಳವಣಿಗೆ ಹಿಂದೆ ಬೀಳುತ್ತದೆ. ತಕ್ಕಡಿಯಲ್ಲಿ ತೂಗಿಯೇ ಹಾಕಿ.

ಇನ್ನು ನಿಮ್ಮ ಡಬ್ಬಿಯಲ್ಲಿರುವ ಉಳಿದ ಹೆಸರುಗಳು. ಟಾರಿನ್ ಕೂಡ ಗಂಧಕದ ವಸ್ತು. ಸಿಸ್ಟೀನಿನಿಂದ ಹುಟ್ಟುತ್ತದೆ, ಆದರೆ ಪ್ರೋಟೀನಿನ ಸರಕ್ಕೆ ಸೇರಲ್ಲ, ಬಿಡಿಯಾಗಿಯೇ ಇರುತ್ತದೆ. ಇದರ ಮಹತ್ವ ಗೊತ್ತಾದದ್ದು ಜಪಾನಿನಲ್ಲಿ, ಸಮುದ್ರದ ಮೀನಿನಿಂದ. ಅಲ್ಲಿ ಯೆಲ್ಲೋಟೇಲ್ ಎಂಬ ಮೀನನ್ನು ಬಲೆಪಂಜರದಲ್ಲಿ ಸಾಕುತ್ತಾರೆ. ಮೀನಿನ ಪುಡಿ ತುಟ್ಟಿಯಾಯಿತೆಂದು ಸೋಯಾ ಪ್ರೋಟೀನ್ ಜಾಸ್ತಿ ಮಾಡಿದಾಗ ಮೀನು ಬಡಕಲಾದವು, ರಕ್ತ ಕಮ್ಮಿಯಾಯಿತು, ಕೊಯ್ದರೆ ಲಿವರ್ ಹಸಿರು. ಕೆಂಪು ರಕ್ತಕಣಗಳು ಒಡೆದು, ಅದರಿಂದ ಬಂದ ಹಸಿರು ಬಣ್ಣದ ಪಿತ್ತದ ವಸ್ತು ಲಿವರ್‌ನಲ್ಲಿ ಕೂಡಿಕೊಂಡಿತ್ತು. ಮೇವಿಗೆ ಟಾರಿನ್ ಸೇರಿಸಿದಾಗ ಇದು ಸರಿಹೋಯಿತು. ಕಾರಣ ಇಷ್ಟೇ: ಸಿಸ್ಟೀನಿನಿಂದ ಟಾರಿನ್ ಮಾಡುವ ಕಿಣ್ವ ಈ ಬೇಟೆಗಾರ ಮೀನುಗಳಲ್ಲಿ ತೀರಾ ದುರ್ಬಲ. ಜೀವಮಾನವಿಡೀ ಮೀನು ತಿಂದು ಬದುಕುವ ಅವಕ್ಕೆ ಟಾರಿನ್ ಸಿದ್ಧವಾಗಿಯೇ ಸಿಗುತ್ತಿತ್ತು. ಸೋಯಾ, ಹಿಂಡಿ, ತೌಡು ಇವುಗಳಲ್ಲಿ ಟಾರಿನ್ ಇಲ್ಲವೆಂದೇ ಹೇಳಬಹುದು. ಕೋಬಿಯಾ ಮೀನಿನಲ್ಲೂ ಇದೇ ಅನುಭವ, ಸಸ್ಯ ಪ್ರೋಟೀನ್ ಮೇವಿಗೆ ಟಾರಿನ್ ಸೇರಿಸಿದಾಗ ಬೆಳವಣಿಗೆ ಚೆನ್ನಾಯಿತು. ಕರಾವಳಿಯಲ್ಲಿ ಪಂಜರದಲ್ಲಿ ಸಮುದ್ರದ ಮೀನು ಸಾಕುವವರು ಮೇವು ಕೊಳ್ಳುವಾಗ ಮೀನಿನ ಪುಡಿ ಎಷ್ಟಿದೆ, ಟಾರಿನ್ ಸೇರಿಸಿದ್ದಾರಾ ಎಂದು ಕೇಳಬೇಕು.

ನಿಮ್ಮ ಗೆಂಡೆ, ರೋಹುಗಳಿಗೆ ಆ ಚಿಂತೆ ಇಲ್ಲ. ಸಮುದ್ರದ ಮೀನುಗಳ ಪಿತ್ತರಸದ ಆಮ್ಲಗಳು ಟಾರಿನ್ ಜೊತೆ ಅಂಟಿಕೊಂಡಿರುತ್ತವೆ. ಗೆಂಡೆ ಜಾತಿಯ ಪಿತ್ತದಲ್ಲಿ ಮುಖ್ಯವಾಗಿ ಇರುವುದು ಬೇರೆಯೇ, ಸಿಪ್ರಿನಾಲ್ ಸಲ್ಫೇಟ್. ಅದೂ ಗಂಧಕದ ವಸ್ತುವೇ, ಆದರೆ ಟಾರಿನ್ ಬೇಕಿಲ್ಲ. ಇದರ ಹೆಸರು ಬಂದಾಗ ಒಂದು ಮಾತು ಹೇಳಲೇಬೇಕು. ಮೀನಿನ ಪಿತ್ತದ ಚೀಲ ನುಂಗಿದರೆ ಸಕ್ಕರೆ ಕಾಯಿಲೆ, ಕೀಲು ನೋವು ಹೋಗುತ್ತದೆ ಎಂದು ಕೆಲವರು ನಂಬುತ್ತಾರೆ. ಈ ಸಿಪ್ರಿನಾಲ್ ಸಲ್ಫೇಟ್ ಮನುಷ್ಯರ ಕಿಡ್ನಿ, ಲಿವರ್ ಎರಡನ್ನೂ ಕೆಡಿಸುತ್ತದೆ. ರೋಹು, ಹುಲ್ಲುಗೆಂಡೆಯ ಪಿತ್ತ ನುಂಗಿ ಆಸ್ಪತ್ರೆ ಸೇರಿದವರಿದ್ದಾರೆ. ಬೇಯಿಸಿದರೂ ವಿಷ ಹೋಗಲ್ಲ. ನಿಮ್ಮ ಹೊಂಡದಲ್ಲಿ ಮೀನು ಕೊಳ್ಳಲು ಬರುವವರಿಗೂ ಇದನ್ನು ಹೇಳಿ.

ಎಂಎಸ್‌ಎಂ (ಮಿಥೈಲ್ ಸಲ್ಫೋನೈಲ್ ಮೀಥೇನ್ ಎಂಬ ಗಂಧಕದ ವಸ್ತು) ವಿಚಾರ ಚಿಕ್ಕದು. ನೂರು ಗ್ರಾಂ ಮೆಥಿಯೋನಿನ್‌ನಲ್ಲಿ ಗಂಧಕ 21 ಗ್ರಾಂ, ಟಾರಿನ್‌ನಲ್ಲಿ 25, ಎಂಎಸ್‌ಎಂನಲ್ಲಿ 34. 'ಶೇಕಡಾ ಇಷ್ಟು ಸಲ್ಫರ್' ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯಲು ಇದು ಅನುಕೂಲ. ಆದರೆ ಮೆಥಿಯೋನಿನ್ ಮಾಡುವ ಕೆಲಸವನ್ನು ಎಂಎಸ್‌ಎಂ ಮಾಡಲ್ಲ. ಗಂಧಕ ಯಾವ ರೂಪದಲ್ಲಿದೆ ಎಂಬುದೇ ಇಲ್ಲಿ ಮುಖ್ಯ, ಎಷ್ಟಿದೆ ಎಂಬುದಲ್ಲ.

ಬೆಳ್ಳುಳ್ಳಿಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇದೆ, ಆದರೆ ಬೇರೆ ಕಾರಣಕ್ಕೆ. ಇಡಿಯಾದ ಎಸಳಿಗೆ ಅಷ್ಟೇನೂ ವಾಸನೆ ಇಲ್ಲ. ಜಜ್ಜಿದಾಗ ಒಳಗಿನ ಕಿಣ್ವ ಗಂಧಕದ ವಸ್ತುವನ್ನು ಒಡೆದು ಅಲಿಸಿನ್ ಮಾಡುತ್ತದೆ. ರೋಹು ಮರಿಗಳಿಗೆ ಒಂದು ಕೆ.ಜಿ. ಮೇವಿಗೆ 1ರಿಂದ 10 ಗ್ರಾಂ ಬೆಳ್ಳುಳ್ಳಿ ಕೊಟ್ಟು ನೋಡಿದ ಅಧ್ಯಯನ 2007ರಲ್ಲಿ ಬಂತು. ಅಲ್ಲಿ ಮರಿಗಳ ರೋಗ ತಡೆಯುವ ಶಕ್ತಿ ಹೆಚ್ಚಿತು, ಏರೋಮೊನಾಸ್ ಎಂಬ ಹುಣ್ಣಿನ ಬ್ಯಾಕ್ಟೀರಿಯಾ ಚುಚ್ಚಿದಾಗ ಹೆಚ್ಚು ಮರಿ ಬದುಕಿದವು. ಚಳಿಗಾಲ ಶುರುವಾಗುವ ಮುಂಚೆ ಮೈಮೇಲೆ ಹುಣ್ಣು ಕಾಣುವ ಹೊಂಡಗಳಲ್ಲಿ ಇದನ್ನು ಪ್ರಯತ್ನಿಸಬಹುದು. ಅಲಿಸಿನ್ ಕಾಯಿಸಿದರೆ, ಹೊತ್ತಾದರೆ ಹಾಳಾಗುತ್ತದೆ. ಆವತ್ತು ಜಜ್ಜಿ ಆವತ್ತೇ ಮುದ್ದೆಗೆ ಹಾಕಬೇಕು, ಬೇಯಿಸಬಾರದು. ವರ್ಷಗಟ್ಟಲೆ ಡಬ್ಬಿಯಲ್ಲಿ ಕೂತ 'ಸಾರ'ದಿಂದ ನಾನು ಅದೇ ಫಲ ನಿರೀಕ್ಷಿಸಲ್ಲ. ಮತ್ತೆ, ಹಿಂಡಿಯ ಕೊರತೆಯನ್ನು ಬೆಳ್ಳುಳ್ಳಿ ತುಂಬಲ್ಲ.

ಗಂಧಕದ ವಸ್ತು ಬೆಳವಣಿಗೆ ತಡೆಯುವುದೂ ಉಂಟು. ಮಲೆನಾಡಿನ ಕಡೆ ಮಾವಿನ ಹಣ್ಣಿನ ಸಾಸಿವೆ ಮಾಡುವಾಗ ಸಾಸಿವೆ ಅರೆದ ಕೂಡಲೇ ಮೂಗಿಗೆ ಏರುವ ಘಾಟು ಗೊತ್ತಲ್ಲ? ಒಣ ಕಾಳಿನಲ್ಲಿ ಅದಿಲ್ಲ. ನೀರು ತಾಗಿ ಅರೆದಾಗ ಗ್ಲುಕೋಸಿನೋಲೇಟ್ ಎಂಬ ಗಂಧಕದ ವಸ್ತು ಒಡೆದು ಘಾಟು ಹುಟ್ಟುತ್ತದೆ. ನಮಗೆ ಚಿಟಿಕೆ ಸಾಸಿವೆ ರುಚಿ. ದಿನವೂ ಸಾಸಿವೆ ಹಿಂಡಿ ತಿನ್ನುವ ಮೀನಿಗೆ ಅದರಿಂದ ಥೈರಾಯ್ಡ್ ಕೆಲಸ ಕುಗ್ಗುತ್ತದೆ. ಅಯೋಡಿನ್ ಬಳಸಿಕೊಳ್ಳಲು ಅಡ್ಡಿಯಾಗುತ್ತದೆ, ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಬೆಳವಣಿಗೆ ನಿಧಾನ. ಬಂಗಾಳ, ಅಸ್ಸಾಂ ಕಡೆ ಮೀನಿಗೆ ಸಾಸಿವೆ ಹಿಂಡಿ ಹಾಕುವ ರೂಢಿ ಹಳೆಯದು, ಅಲ್ಲಿ ಸಿಗುವುದು ಅದೇ. ನಮ್ಮಲ್ಲಿ ಬೇರೆ ಹಿಂಡಿಗಳು ಇರುವಾಗ ಕಡಿಮೆ ಬೆಲೆಗೆ ಸಿಕ್ಕಿತೆಂದು ಅದನ್ನೇ ಮುಖ್ಯ ಮೇವು ಮಾಡಬೇಡಿ. ಹಾಕಲೇಬೇಕಾದರೆ ಸ್ವಲ್ಪವೇ ಹಾಕಿ. ನೆನೆಸಿ, ಬೇಯಿಸಿ, ನೀರು ಬಸಿದರೆ ಘಾಟು ಸ್ವಲ್ಪ ಇಳಿಯುತ್ತದೆ.

ಈಗ ನಿಮ್ಮ ಹೊಂಡದ ತಳದ ವಾಸನೆ. ಅದು ಹೈಡ್ರೋಜನ್ ಸಲ್ಫೈಡ್. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಸಲ್ಫೇಟನ್ನು, ಕೊಳೆಯುವ ಪ್ರೋಟೀನಿನ ಗಂಧಕವನ್ನು ಈ ಅನಿಲ ಮಾಡುತ್ತವೆ. ಇದು ಜೀವಕೋಶ ಆಮ್ಲಜನಕ ಬಳಸುವುದನ್ನೇ ನಿಲ್ಲಿಸುತ್ತದೆ. ಸಿಹಿನೀರಿನ ಮೀನಿಗೆ ಲೀಟರಿಗೆ 0.002 ಮಿಲಿಗ್ರಾಂ ದಾಟಬಾರದು ಎಂಬ ಮಿತಿ ಇದೆ ಅಂದರೆ ಎಷ್ಟು ಕಟುವಾದದ್ದು ನೋಡಿ. ತಳದಲ್ಲಿ ಮೇಯುವ ಗೆಂಡೆಗೆ ಮೊದಲ ಪೆಟ್ಟು ಬೀಳುತ್ತದೆ. ನಿಮ್ಮಲ್ಲಿ ಗೆಂಡೆಯೇ ಹಿಂದೆ ಬಿದ್ದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಮೆಥಿಯೋನಿನ್ ಹಾಕಿದರೆ ಇದು ಹೆಚ್ಚುತ್ತದಾ? ಲೆಕ್ಕ ಹಾಕಿ. ಮೇಲಿನ ಹೊಸ ಮಿಶ್ರಣದ 100 ಕೆ.ಜಿ. ಮೇವಿನ ಪ್ರೋಟೀನಿನಲ್ಲೇ 240 ಗ್ರಾಂ ಹತ್ತಿರ ಗಂಧಕ ಇದೆ. 100 ಗ್ರಾಂ ಮೆಥಿಯೋನಿನ್ ಸೇರಿಸಿದರೆ ಬರುವುದು 21 ಗ್ರಾಂ. ವಾಸನೆಗೆ ಕಾರಣ ಆ 21 ಗ್ರಾಂ ಅಲ್ಲ, ತಿನ್ನದೆ ತಳ ಸೇರಿದ ಮೇವು. ಬೆಳಿಗ್ಗೆ ಕಟ್ಟಿದ ಚೀಲವನ್ನು ಎರಡು ಗಂಟೆ ಬಿಟ್ಟು ಎತ್ತಿ ನೋಡಿ. ಮೇವು ಉಳಿದಿದ್ದರೆ ನಾಳೆ ಅಷ್ಟು ಕಡಿಮೆ ಮಾಡಿ. ಚೀಲದ ಜಾಗವನ್ನು ವಾರಕ್ಕೊಮ್ಮೆ ಬದಲಿಸಿ. ಪಿಎಚ್ ಕೂಡ ನೋಡಿ. ಪಿಎಚ್ 7ರಲ್ಲಿ ಈ ಸಲ್ಫೈಡ್‌ನ ಸುಮಾರು ಅರ್ಧ ವಿಷದ ರೂಪದಲ್ಲಿರುತ್ತದೆ, 8ರಲ್ಲಿ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಪಿಎಚ್ 7ರ ಆಸುಪಾಸು ಇದ್ದರೆ ಕೃಷಿ ಸುಣ್ಣ ಹಾಕುವುದು ಈ ಕಾರಣಕ್ಕೂ ಒಳ್ಳೆಯದು. ಮೀನು ಹಿಡಿದಾದ ಮೇಲೆ ಹೊಂಡ ಖಾಲಿ ಮಾಡಿ ಕೆಸರು ಬಿರುಕು ಬಿಡುವವರೆಗೆ ಒಣಗಿಸಿ, ಕಪ್ಪು ಕೆಸರನ್ನು ತೆಗೆದು ತೋಟಕ್ಕೆ ಹಾಕಿ.

ಒಂದು ಮಾತು ಬಾಕಿ ಇದೆ, ಎಲ್ಲಕ್ಕಿಂತ ಅಗ್ಗದ್ದು. ಹೊಂಡದ ಹಸಿರು ಪಾಚಿ ನೀರಿನಲ್ಲಿರುವ ಸಲ್ಫೇಟ್ ಹೀರಿ ತಾನೇ ಮೆಥಿಯೋನಿನ್ ಮಾಡುತ್ತದೆ. ಪಾಚಿಯನ್ನು ನೀರಿನ ಸಣ್ಣ ಹುಳುಗಳು ತಿನ್ನುತ್ತವೆ, ಹುಳುಗಳನ್ನು ಕಾಟ್ಲಾ ತಿನ್ನುತ್ತದೆ. ಕುರಿಯ ಹೊಟ್ಟೆ ಮಾಡುವ ಕೆಲಸವನ್ನು ನಿಮ್ಮ ಪರವಾಗಿ ಇಡೀ ಹೊಂಡ ಮಾಡುತ್ತದೆ! ಮೊದಲ ಮೂರ್ನಾಲ್ಕು ತಿಂಗಳು ಹಿಂಡಿ-ತೌಡಿನಲ್ಲೇ ಮೀನು ಚೆನ್ನಾಗಿ ಬೆಳೆದು ಆಮೇಲೆ ನಿಂತುಹೋಗುವುದು ಇದರಿಂದಲೇ. ಮೀನು ಚಿಕ್ಕದಿದ್ದಾಗ ಈ ಸಹಜ ಆಹಾರ ಸಾಕಾಗುತ್ತಿತ್ತು, ಎಕರೆಗೆ ನಾಲ್ಕು ಸಾವಿರ ಮೀನು ದೊಡ್ಡವಾದಾಗ ಸಾಲದೆ ಬಂತು. ಮೊಣಕೈವರೆಗೆ ಕೈ ನೀರಿನಲ್ಲಿಳಿಸಿ ನೋಡಿ. ಅಷ್ಟರಲ್ಲಿ ಅಂಗೈ ಮಸುಕಾಗಿ ಮರೆಯಾದರೆ ಸಹಜ ಆಹಾರ ಚೆನ್ನಾಗಿದೆ. ಬೆರಳು ಎಣಿಸುವಷ್ಟು ಸ್ಪಷ್ಟವಾಗಿ ಕಂಡರೆ ಕಳಿತ ಸಗಣಿ ಗೊಬ್ಬರ ಸ್ವಲ್ಪ ಹಾಕಬೇಕು. ಮಣಿಕಟ್ಟಿನ ಹತ್ತಿರವೇ ಮರೆಯಾದರೆ ಗೊಬ್ಬರ, ಮೇವು ಎರಡನ್ನೂ ತಡೆಯಬೇಕು. ದೊಡ್ಡ ಮೀನು ಮುನ್ನೂರು-ನಾಲ್ಕುನೂರನ್ನು ಈಗಲೇ ಹಿಡಿದು ಮಾರಿದರೂ ಉಳಿದವಕ್ಕೆ ಪಾಲು ಹೆಚ್ಚುತ್ತದೆ.

ಹೊಸ ಮೇವು ಶುರು ಮಾಡುವ ದಿನ ಬಲೆ ಎಳೆದು 25 ಗೆಂಡೆ, 25 ರೋಹು ತೂಗಿ ಬರೆದಿಡಿ. 30 ದಿನ ಬಿಟ್ಟು ಮತ್ತೆ ತೂಗಿ. ಆವತ್ತು ಹಿಡಿದದ್ದರಲ್ಲಿ ಎರಡು-ಮೂರು ಮೀನಿನ ಹೊಟ್ಟೆ ಕೊಯ್ದು ಲಿವರ್ ನೋಡಿ. ಕೆಂಪು-ಕಂದು ಬಣ್ಣ, ಗಟ್ಟಿ ಅಂಚು ಇದ್ದರೆ ಸರಿ. ಬೆಣ್ಣೆಯ ಹಾಗೆ ಬಿಳಿಚಿ, ಬೆರಳು ತಾಗಿದರೆ ಕದಡುವಂತಿದ್ದರೆ ಮೇವು ಇನ್ನೂ ಸರಿಹೋಗಿಲ್ಲ, ಇಲ್ಲವೇ ಹಿಂಡಿಯಲ್ಲಿ ಬೂಸ್ಟು ಇದೆ. ಕಣ್ಣಿನ ಗುಡ್ಡೆಯನ್ನೂ ನೋಡಿ. ಮೆಥಿಯೋನಿನ್ ತೀರಾ ಕಮ್ಮಿಯಾದ ಟ್ರೌಟ್ ಮೀನಿನಲ್ಲಿ ಎರಡೂ ಕಣ್ಣಿಗೆ ಪೊರೆ ಬರುತ್ತದೆ. ನಿಮ್ಮಲ್ಲಿ ಬಿಳಿ ಕಣ್ಣು ಕಂಡರೆ ಮಾತ್ರ ಕೂಡಲೇ ಮೇವಿನ ಮೇಲೆ ಹಾಕಬೇಡಿ, ಕಣ್ಣಿನೊಳಗೆ ಸೇರುವ ಒಂದು ಬಗೆಯ ಹುಳುವಿನಿಂದಲೂ ಹಾಗಾಗುತ್ತದೆ. ಅಂಥ ಮೀನನ್ನು ಮಂಜುಗಡ್ಡೆಯಲ್ಲಿಟ್ಟು ಹತ್ತಿರದ ಮೀನುಗಾರಿಕೆ ಇಲಾಖೆ ಕಚೇರಿಗೆ ತೋರಿಸಿ. ಡಬ್ಬಿಯ ಸೀಲು ಒಡೆದಿಲ್ಲ ಅಂದರೆ ವಾಪಸ್ ಕೊಟ್ಟು, ಆ ದುಡ್ಡಿಗೆ ಎಳ್ಳಿನ ಹಿಂಡಿ ತನ್ನಿ.